ಮೊದಲನೆಯ ಮೋಟಾರು ಸೈಕಲ್ಲು

ಮಗನು ಬೆಳೆದು ದೊಡ್ಡವನಾದನೆಂಬುದಕ್ಕೆ ಹಿಂದಿನ ಕಾಲದಲ್ಲಿ ಮೀಸೆ ಚಿಗುರುವುದು ಗುರುತಾಗಿದ್ದಿತು. ಈಗಿನ ಕಾಲದಲ್ಲಿ ಅವನು ಮೋಟಾರು ಸೈಕಲ್ಲಿನ ಮಾತನ್ನೆತ್ತುವುದೇ ಗುರುತಾಗಿದೆ. ಸಾಮಾನ್ಯವಾಗಿ ಈ ಮಾತು ಹೊರಡುವುದು ರಾತ್ರಿಯ ಊಟದ ಹೊತ್ತಿನಲ್ಲಿ. ತಂದೆಯು ತಲೆಯೆತ್ತದೆ “ನೋಡೋಣ” ಎನ್ನುತ್ತಾನೆ. ತಾಯಿಯು ಸಾರಿನ ಸೌಟನ್ನು ಹಿಡಿದಂತೆಯೇ ನಿಂತು “ಬೇಡ” ಎನ್ನುತ್ತಾಳೆ. ಅಜ್ಜಿಯು ಊರಿನಲ್ಲಿ ಬಿದ್ದು ಕೈಕಾಲು ಮುರಿದುಕೊಂಡವರನ್ನು ಒಬ್ಬೊಬ್ಬರಾಗಿ ಎಣಿಸತೊಡಗುತ್ತಾಳೆ. ಹುಡುಗನು ಮಜ್ಜಿಗೆಗೆ ಕಾಯದೆ ಎದ್ದುಹೋಗುತ್ತಾನೆ. ಈಚಿನ ವರ್ಷಗಳಲ್ಲಿ ಮಗನ ಸ್ಥಾನದಲ್ಲಿ ಮಗಳೂ ಇರುವುದುಂಟು. ಮಾತಿನ ಕ್ರಮ ಮಾತ್ರ ಬದಲಾಗಿಲ್ಲ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆವು. ಕೇಳುವವರ ಆಸೆಯೂ ನ್ಯಾಯವಾದುದು. ಬೇಡವೆನ್ನುವವರ ಭಯವೂ ನ್ಯಾಯವಾದುದು. ದಿನಕ್ಕೆ ಎರಡೇ ಬಸ್ಸು ಬರುವ ಊರಿನಿಂದ ತಾಲ್ಲೂಕು ಕೇಂದ್ರದ ಕೆಲಸಕ್ಕೆ ಹೋಗಬೇಕಾದವನಿಗೆ ಮೋಟಾರು ಸೈಕಲ್ಲು ಷೋಕಿಯ ವಸ್ತುವಲ್ಲ, ಅನ್ನದ ದಾರಿ. ಆದರೆ ಆ ದಾರಿಯಲ್ಲಿ ಎರಡೇ ಚಕ್ರಗಳ ಮೇಲೆ, ಸುತ್ತಲೂ ಗೋಡೆಯಿಲ್ಲದೆ, ಮೈಯನ್ನೇ ಮುಂದೊಡ್ಡಿಕೊಂಡು ಹೋಗಬೇಕೆಂಬುದೂ ಅಷ್ಟೇ ನಿಜ. ಆದುದರಿಂದ “ಕೊಡಿಸಬೇಕೆ, ಬೇಡವೆ?” ಎಂಬ ಪ್ರಶ್ನೆಗಿಂತ “ಯಾವುದನ್ನು, ಯಾವಾಗ, ಏನೇನು ಸಿದ್ಧತೆಯೊಡನೆ?” ಎಂಬ ಪ್ರಶ್ನೆಯೇ ಸಂಸಾರಕ್ಕೆ ಹೆಚ್ಚು ಉಪಯುಕ್ತವಾದುದು. ಈ ಲೇಖನದಲ್ಲಿ ನಾವು ಅದನ್ನೇ ವಿಚಾರಮಾಡತಕ್ಕವರಾಗಿದ್ದೇವೆ.

ಭಯಕ್ಕೆ ಆಧಾರವುಂಟೆ?

ಉಂಟು. ೨೦೨೨ನೆಯ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ ಅಪಘಾತದಿಂದ ಮಡಿದವರು ೧,೬೮,೪೯೧ ಮಂದಿಯೆಂದು ಕೇಂದ್ರ ಸರ್ಕಾರದ ವರದಿಯು ಹೇಳುತ್ತದೆ. ಇವರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕೂ ಮಿಗಿಲಾದವರು ಎರಡು ಚಕ್ರದ ವಾಹನಗಳಲ್ಲಿ ಹೋಗುತ್ತಿದ್ದವರು. ಅದೇ ವರ್ಷ ಶಿರಸ್ತ್ರಾಣವಿಲ್ಲದೆ, ಎಂದರೆ ಹೆಲ್ಮೆಟ್ಟನ್ನು ಧರಿಸದೆ ಸತ್ತವರು ೫೦,೦೨೯ ಮಂದಿ. ಅವರಲ್ಲಿ ೧೪,೩೩೭ ಮಂದಿ ವಾಹನವನ್ನು ನಡೆಸುತ್ತಿದ್ದವರಲ್ಲ, ಹಿಂದೆ ಕುಳಿತಿದ್ದವರು. ದಿನವೊಂದಕ್ಕೆ ಸುಮಾರು ನೂರಮೂವತ್ತೇಳು ಮನೆಗಳಲ್ಲಿ ಗೋಳೆದ್ದಿತೆಂದು ಇದರ ಅರ್ಥ. ಹೆಲ್ಮೆಟ್ಟಿದ್ದಿದ್ದರೆ ಇವರೆಲ್ಲರೂ ಬದುಕುತ್ತಿದ್ದರೆಂದು ಹೇಳಲಾಗದು. ಆದರೆ ಹಲವು ದೇಶಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ ೨೦೦೮ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯ ಪ್ರಕಾರ, ಹೆಲ್ಮೆಟ್ಟು ಸಾವಿನ ಸಂಭವವನ್ನು ನೂರಕ್ಕೆ ೪೨ರಷ್ಟೂ ತಲೆಯ ಗಾಯದ ಸಂಭವವನ್ನು ನೂರಕ್ಕೆ ೬೯ರಷ್ಟೂ ತಗ್ಗಿಸುತ್ತದೆ. ಇಷ್ಟು ಗುಣವುಳ್ಳ ಔಷಧಿಯೊಂದು ಅಂಗಡಿಯಲ್ಲಿ ದೊರೆಯುವುದಾದರೆ ಯಾವ ತಾಯಿಯು ತಾರದೆ ಬಿಟ್ಟಾಳು?

ವೇಗವೆಂಬುದನ್ನು ನಾವು ಮುಳ್ಳಿನ ಅಂಕಿಯಲ್ಲಿ ನೋಡುವೆವೇ ಹೊರತು ಅದರ ನಿಜಸ್ವರೂಪವನ್ನು ಗ್ರಹಿಸುವುದಿಲ್ಲ. ಗಂಟೆಗೆ ೪೦ ಕಿಲೋಮೀಟರು ವೇಗದಲ್ಲಿ ಹೋಗಿ ಗೋಡೆಗೆ ತಾಗುವುದೂ, ಆರು ಮೀಟರಿಗೂ ಹೆಚ್ಚು ಎತ್ತರದಿಂದ, ಎಂದರೆ ಎರಡಂತಸ್ತಿನ ಮನೆಯ ತಾರಸಿಯಿಂದ, ನೆಲಕ್ಕೆ ಬೀಳುವುದೂ ಒಂದೇ. ವೇಗವು ೬೦ ಆದರೆ ಆ ಎತ್ತರವು ಹದಿನಾಲ್ಕು ಮೀಟರಾಗುತ್ತದೆ. ವೇಗವು ಒಂದೂವರೆಯಷ್ಟಾದರೆ ಪೆಟ್ಟು ಎರಡಕಾಲರಷ್ಟಾಗುವುದು. ಇನ್ನು ನಿಂತ ವಾಹನದಿಂದ ಸುಮ್ಮನೆ ಓರೆಯಾಗಿ ಬಿದ್ದರೂ ಒಂದೂವರೆ ಮೀಟರು ಎತ್ತರದಲ್ಲಿರುವ ತಲೆಯು ಗಂಟೆಗೆ ಸುಮಾರು ೧೯ ಕಿಲೋಮೀಟರು ವೇಗದಲ್ಲಿ ನೆಲವನ್ನು ಮುಟ್ಟಬಲ್ಲದು. “ಇಲ್ಲೇ ಅಂಗಡಿಗೆ ತಾನೇ” ಎಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ವಯಸ್ಸೂ ಕಾನೂನೂ

ಮಗನು ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದನೆಂದು ಬಹುಮಾನವಾಗಿ ಮೋಟಾರು ಸೈಕಲ್ಲನ್ನು ಕೊಡಿಸುವ ತಂದೆಗಳುಂಟು. ಇದು ಪ್ರೀತಿಯಲ್ಲ, ಅವಿವೇಕ. ೧೯೮೮ರ ಮೋಟಾರು ವಾಹನ ಕಾನೂನಿನ ಮೇರೆಗೆ ಗೇರುಳ್ಳ ಮೋಟಾರು ಸೈಕಲ್ಲನ್ನು ನಡೆಸಲು ಹದಿನೆಂಟು ವರ್ಷ ತುಂಬಿರಬೇಕು. ೨೦೧೯ರ ತಿದ್ದುಪಾಟಿನ ಅನಂತರ, ಪ್ರಾಯ ತುಂಬದ ಮಕ್ಕಳು ವಾಹನವನ್ನು ನಡೆಸಿ ಅಪರಾಧವೆಸಗಿದರೆ ತಂದೆತಾಯಿಗಳೂ ವಾಹನದ ಒಡೆಯರೂ ಹೊಣೆಗಾರರಾಗುತ್ತಾರೆ; ಮೂರು ವರ್ಷಗಳವರೆಗೆ ಸೆರೆಮನೆ, ೨೫,೦೦೦ ರೂಪಾಯಿ ದಂಡ, ಹನ್ನೆರಡು ತಿಂಗಳು ವಾಹನದ ನೋಂದಣಿಯ ರದ್ದು, ಇಷ್ಟೂ ಆ ಕಾನೂನಿನಲ್ಲಿದೆ. ಆದರೆ ದಂಡಕ್ಕೆ ಹೆದರಿ ಮಾತ್ರ ಕಾಯಬೇಕಾದುದಿಲ್ಲ. ಹದಿನಾರರ ಕೈಗೆ ಬಲವಿರುತ್ತದೆ. ಆದರೆ ಎದುರಿನ ಲಾರಿಯವನು ಏನು ಮಾಡುವನೆಂದು ಮುಂದಾಗಿ ಊಹಿಸುವ ಬುದ್ಧಿಯು ಇನ್ನೂ ಹಣ್ಣಾಗಬೇಕಾಗಿರುತ್ತದೆ.

ಕಲಿಯುವವರ ಅನುಜ್ಞಾಪತ್ರವನ್ನು ಮೊದಲು ಪಡೆದು, ಮೂವತ್ತು ದಿನಗಳು ಕಳೆದ ಮೇಲೆ ಪರೀಕ್ಷೆಗೆ ಹೋಗತಕ್ಕದ್ದು. ಆ ಅವಧಿಯಲ್ಲಿ ಕಲಿಸುವವನ ಹೊರತು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳಲಾಗದು. ಗೆಳೆಯರನ್ನು ಕೂರಿಸಿಕೊಂಡು ಮೆರೆಯುವ ಆತುರವಿರುವುದು ಈ ಅವಧಿಯಲ್ಲಿಯೇ ಆದ ಕಾರಣ ಮನೆಯವರು ಇದನ್ನು ಕಟ್ಟುನಿಟ್ಟಾಗಿ ನೋಡಿಕೊಳ್ಳಬೇಕು.

ಯಂತ್ರದ ಆಯ್ಕೆ

ಮೈಸೂರಿನವರಿಗೆ ಮೋಟಾರು ಸೈಕಲ್ಲೆಂದರೆ ವಿಶೇಷವಾದ ಅಭಿಮಾನವುಂಟು. ೧೯೬೧ರಿಂದ ೧೯೯೬ರವರೆಗೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜಾವಾ, ಯೆಜ್ಡಿ ವಾಹನಗಳು ತಯಾರಾಗುತ್ತಿದ್ದವು. ಅವುಗಳ ಸದ್ದಿನಿಂದಲೇ ಬಂದವರು ಯಾರೆಂದು ಬೀದಿಯವರು ಹೇಳುತ್ತಿದ್ದರು. ಅದಕ್ಕೂ ಮೊದಲೇ, ೧೯೫೫ರಲ್ಲಿ, ಮದರಾಸಿನಲ್ಲಿ ಎನ್‌ಫೀಲ್ಡ್ ಸಂಸ್ಥೆಯು ತಲೆಯೆತ್ತಿ ಬುಲ್ಲೆಟ್ ವಾಹನವು ನಮ್ಮ ದೇಶದ್ದಾಯಿತು. ೧೯೮೫ರ ಸುಮಾರಿಗೆ ಜಪಾನೀಯರ ಸಹಯೋಗದಿಂದ ೧೦೦ ಸಿ.ಸಿ.ಯ ಹಗುರವಾದ ವಾಹನಗಳು ಬಂದ ಮೇಲೆ, ಶ್ರೀಮಂತರ ಅಥವಾ ಸಾಹಸಿಗಳ ವಸ್ತುವಾಗಿದ್ದುದು ಗುಮಾಸ್ತರ, ಉಪಾಧ್ಯಾಯರ, ರೈತರ ಮನೆಯಂಗಳಕ್ಕೆ ಇಳಿಯಿತು.

ಇಂದು ಅಂಗಡಿಗೆ ಹೋದವನ ಕಣ್ಣಿಗೆ ಮೊದಲು ಬೀಳುವುದು ಬಣ್ಣ; ಎರಡನೆಯದು ಗೆಳೆಯನ ಬಳಿ ಯಾವುದಿದೆಯೆಂಬುದು; ಮೂರನೆಯದು ಕಂತಿನ ಮೊತ್ತ. ಮೊದಲನೆಯ ಮೋಟಾರು ಸೈಕಲ್ಲಿಗೆ ಈ ಮೂರೂ ತಕ್ಕ ಅಳತೆಗೋಲುಗಳಲ್ಲ. ನಾವು ನೋಡಹೇಳುವ ಸಂಗತಿಗಳು ಬೇರೆ.

ಮೊದಲನೆಯದು ತೂಕ ಮತ್ತು ಎತ್ತರ. ನೂರು, ನೂರಿಪ್ಪತ್ತೈದು ಸಿ.ಸಿ.ಯ ಸಾಮಾನ್ಯ ವಾಹನವು ೧೧೦ರಿಂದ ೧೨೫ ಕಿಲೋಗ್ರಾಮಿನ ಆಸುಪಾಸಿನಲ್ಲಿರುತ್ತದೆ, ೩೫೦ ಸಿ.ಸಿ.ಯ ವಾಹನವು ೧೮೦, ೧೯೫ ಕಿಲೋಗ್ರಾಮು ತೂಗುತ್ತದೆ. ಓಡುವಾಗ ಈ ಭೇದವು ತೋರದು. ಮರಳಿನ ಮೇಲೆ ನಿಂತಾಗ, ಇಳಿಜಾರಿನಲ್ಲಿ ತಿರುಗಿಸುವಾಗ, ಹಿಂದಕ್ಕೆ ತಳ್ಳುವಾಗ ತೋರುತ್ತದೆ. ಹೊಸಬನು ಬೀಳುವುದು ಹೆಚ್ಚಾಗಿ ಹೀಗೆ ಮೆಲ್ಲನೆ ಚಲಿಸುವಾಗಲೇ. ಆದಕಾರಣ ಅಂಗಡಿಯಲ್ಲಿಯೇ ವಾಹನದ ಮೇಲೆ ಕುಳಿತು, ಎರಡೂ ಪಾದಗಳು ನೆಲಕ್ಕೆ ಊರುವುವೇ ಎಂದು ನೋಡಬೇಕು. ಎರಡೂ ಹಿಮ್ಮಡಿಗಳು ಮುಟ್ಟಿದರೆ ಉತ್ತಮ. ಎರಡೂ ಪಾದಗಳ ಮುಂಭಾಗವಾದರೂ ಭದ್ರವಾಗಿ ಊರಬೇಕು. ಒಂದು ಕಾಲಿನ ಬೆರಳ ತುದಿ ಮಾತ್ರ ತಾಗುವುದಾದರೆ ಆ ವಾಹನವು ಎಷ್ಟೇ ಚೆಲುವಾಗಿರಲಿ, ಬೇಡ. ಬಳಿಕ ಇಳಿದು, ಅದನ್ನು ಹತ್ತು ಹೆಜ್ಜೆ ಹಿಂದಕ್ಕೂ ಮುಂದಕ್ಕೂ ತಳ್ಳಿ ನೋಡಬೇಕು. ತನ್ನ ಕೈಯಿಂದ ತಳ್ಳಲಾಗದುದನ್ನು ತಾನು ಆಳಬಲ್ಲೆನೆಂದು ಯಾರೂ ತಿಳಿಯಬಾರದು.

ಎರಡನೆಯದು ಶಕ್ತಿ. ಊರಿನ ಬೀದಿಗೂ ತಾಲ್ಲೂಕಿನ ರಸ್ತೆಗೂ ೧೦೦ ರಿಂದ ೧೨೫ ಸಿ.ಸಿ. ಯಥೇಷ್ಟವಾದುದು. ಪ್ರತಿದಿನವೂ ಹೆದ್ದಾರಿಯಲ್ಲಿ ದೂರ ಹೋಗಬೇಕಾದವರಿಗೂ, ಘಟ್ಟದ ಏರುಗಳಲ್ಲಿ ಇಬ್ಬರು ಕುಳಿತು ಹೋಗುವವರಿಗೂ ೧೫೦, ೧೬೦ ಸಿ.ಸಿ. ಒಪ್ಪಬಹುದು. ಅದಕ್ಕೆ ಮೇಲ್ಪಟ್ಟುದನ್ನು ಎರಡನೆಯ ವಾಹನಕ್ಕೆಂದು ಬಿಟ್ಟಿರುವುದು ಲೇಸು. ಈಜು ಕಲಿಯುವವನು ಕಾವೇರಿಯ ಸುಳಿಯಲ್ಲಿ ಇಳಿಯುವುದಿಲ್ಲ. ಮೊದಲು ಕಟ್ಟೆಯ ಮೆಟ್ಟಿಲಿನ ಬಳಿಯ ನೀರು.

ಮೂರನೆಯದು ಬ್ರೇಕು. ನಮ್ಮ ಅಭಿಪ್ರಾಯದಲ್ಲಿ ಹಣವನ್ನು ಹೆಚ್ಚಾಗಿ ಕೊಡಬೇಕಾದುದು ಇದಕ್ಕೇ. ಹೆದರಿ ಬ್ರೇಕನ್ನು ಬಿಗಿಯಾಗಿ ಒತ್ತಿದಾಗ ಚಕ್ರವು ತಿರುಗುವುದನ್ನು ನಿಲ್ಲಿಸಿ ಜಾರತೊಡಗುತ್ತದೆ; ಮುಂದಿನ ಚಕ್ರವು ಜಾರಿತೆಂದರೆ ಬೀಳುವುದು ಕ್ಷಣಮಾತ್ರದ ಕೆಲಸ. ಎ.ಬಿ.ಎಸ್. ಎಂಬ ಏರ್ಪಾಡು ಚಕ್ರವು ಸಿಕ್ಕಿಕೊಳ್ಳುವ ಸೂಚನೆಯನ್ನು ತಿಳಿದು, ಹಿಡಿತವನ್ನು ಕ್ಷಣಕ್ಷಣಕ್ಕೂ ಸಡಿಲಿಸಿ ಮತ್ತೆ ಬಿಗಿಮಾಡುತ್ತದೆ. ೨೦೧೯ರ ಏಪ್ರಿಲ್ ೧ರಿಂದ ೧೨೫ ಸಿ.ಸಿ.ಗೆ ಮೇಲ್ಪಟ್ಟ ವಾಹನಗಳಿಗೆ ಎ.ಬಿ.ಎಸ್. ಕಡ್ಡಾಯವಾಯಿತು, ಅದಕ್ಕಿಂತ ಚಿಕ್ಕವುಗಳಿಗೆ ಒಂದನ್ನು ಒತ್ತಿದರೆ ಎರಡು ಚಕ್ರಗಳಿಗೂ ಹಿಡಿಯುವ ಜೋಡುಬ್ರೇಕಾದರೂ ಇರಬೇಕೆಂದು ವಿಧಿಸಲಾಯಿತು. ಹಳೆಯ ವಾಹನವನ್ನು ಕೊಳ್ಳುವವರು ಅದು ಈ ತಾರೀಖಿಗೆ ಹಿಂದಿನದೋ ಮುಂದಿನದೋ ಎಂದು ಗಮನಿಸತಕ್ಕದ್ದು.

ಹಳೆಯದನ್ನು ಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಕಲಿಯುವ ಕಾಲದಲ್ಲಿ ಗೀಚು, ತಗ್ಗು ತಪ್ಪಿದ್ದಲ್ಲ. ಹಳೆಯದಕ್ಕೆ ಆದರೆ ಮನಸ್ಸು ನೋಯದು. ಆದರೆ ಚಾಸಿಯ ಮತ್ತು ಎಂಜಿನ್ನಿನ ಸಂಖ್ಯೆಗಳು ನೋಂದಣಿ ಪತ್ರದೊಡನೆ ಹೊಂದುವುವೇ, ಬ್ಯಾಂಕಿನ ಸಾಲವು ತೀರಿದೆಯೇ, ಮುಂದಿನ ಫೋರ್ಕು ಬಾಗಿದೆಯೇ, ಟೈರಿನ ಗೀರುಗಳು ಸವೆದಿವೆಯೇ ಎಂಬುದನ್ನು ಬಲ್ಲ ಮೆಕ್ಯಾನಿಕನೊಬ್ಬನಿಂದ ನೋಡಿಸಬೇಕು. ಹೆಸರು ಬದಲಾಯಿಸುವುದನ್ನೂ ವಿಮೆಯ ವರ್ಗಾವಣೆಯನ್ನೂ “ಆಮೇಲೆ ನೋಡೋಣ” ಎಂದು ಬಿಡಲಾಗದು. ವಿಮೆಗೆ ಹದಿನಾಲ್ಕು ದಿನಗಳ ಅವಧಿಯಿದೆ.

ಸೋದರಿಯರಿಗೆ ಒಂದು ಮಾತು. ಹಿಂದಿನ ಚಕ್ರದ ಅರ್ಧದಷ್ಟನ್ನಾದರೂ ಮುಚ್ಚುವ ಸೀರೆಯ ಕಾಪನ್ನು ಅಂದಗೇಡೆಂದು ತೆಗೆಸಿಹಾಕುವ ಹುಡುಗರುಂಟು. ಸೆರಗೂ ದುಪಟ್ಟಾವೂ ಚಕ್ರದ ಕಡ್ಡಿಗೆ ಸಿಕ್ಕಿ ಆದ ಅನಾಹುತಗಳನ್ನು ಕೇಳಿದವರು ಯಾರೂ ಅದನ್ನು ತೆಗೆಯಗೊಡಬಾರದು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ದುಪಟ್ಟಾವನ್ನು ಬೆನ್ನಹಿಂದೆ ಗಂಟುಹಾಕಿಯೇ ಕುಳಿತುಕೊಳ್ಳಬೇಕು.

ಶಿರಸ್ತ್ರಾಣದ ಕಥೆ

೧೯೩೫ರ ಮೇ ತಿಂಗಳ ೧೩ನೆಯ ದಿನ, ಅರೇಬಿಯದ ಲಾರೆನ್ಸನೆಂದು ಜಗತ್ಪ್ರಸಿದ್ಧನಾಗಿದ್ದ ಟಿ. ಇ. ಲಾರೆನ್ಸನು ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತದಲ್ಲಿ ತನ್ನ ಮನೆಯ ಹತ್ತಿರದ ರಸ್ತೆಯಲ್ಲಿಯೇ ಮೋಟಾರು ಸೈಕಲ್ಲಿನಲ್ಲಿ ಹೋಗುತ್ತಿದ್ದನು. ಸೈಕಲ್ಲುಗಳಲ್ಲಿ ಹೋಗುತ್ತಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಉರುಳಿದನು. ಮರುಭೂಮಿಯ ಯುದ್ಧಗಳಲ್ಲಿ ಬದುಕಿ ಬಂದವನು ಮನೆಯ ಹತ್ತಿರದ ದಾರಿಯಲ್ಲಿ ತಲೆಗೆ ಪೆಟ್ಟುಬಿದ್ದು, ಆರು ದಿನಗಳ ಮೇಲೆ ಪ್ರಾಣಬಿಟ್ಟನು. ತಲೆಯ ಮೇಲೆ ಹೆಲ್ಮೆಟ್ಟಿರಲಿಲ್ಲ. ಅವನನ್ನು ನೋಡಿದ ವೈದ್ಯರಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಯಲ್ಲಿ ನಿಪುಣನಾದ ಹ್ಯೂ ಕೇರ್ನ್ಸ್ ಎಂಬಾತನಿದ್ದನು. ಈ ಸಾವನ್ನು ಅವನು ಮರೆಯಲಿಲ್ಲ. ಎರಡನೆಯ ಮಹಾಯುದ್ಧವು ಆರಂಭವಾದ ಮೇಲಿನ ಇಪ್ಪತ್ತೊಂದು ತಿಂಗಳುಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ೨,೨೭೯ ಮಂದಿ ಮೋಟಾರು ಸೈಕಲ್ ಸವಾರರೂ ಹಿಂದೆ ಕುಳಿತವರೂ ಸತ್ತರೆಂಬ ಲೆಕ್ಕವನ್ನು ಮುಂದಿಟ್ಟು, ೧೯೪೧ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಲೇಖನವನ್ನು ಬರೆದನು. ಹೆಲ್ಮೆಟ್ಟು ಧರಿಸಿದ್ದವರ ಗಾಯಗಳು ಎಷ್ಟು ಸೌಮ್ಯವಾಗಿದ್ದವೆಂದು ತೋರಿಸಿದನು. ಅದೇ ವರ್ಷದ ಕೊನೆಯಲ್ಲಿ ಸೈನ್ಯದ ಸವಾರರಿಗೆ ಅದು ಕಡ್ಡಾಯವಾಯಿತು. ಬ್ರಿಟನ್ನಿನ ಸಾಮಾನ್ಯ ಜನರಿಗೆ ಕಡ್ಡಾಯವಾಗಲು ಮಾತ್ರ ೧೯೭೩ರವರೆಗೆ ಕಾಯಬೇಕಾಯಿತು. ಒಬ್ಬನ ಮರಣವನ್ನು ಕಂಡು ಸುಮ್ಮನೆ ಮರುಗದೆ, ಮತ್ತೊಬ್ಬನು ಹಾಗೆ ಸಾಯಬಾರದೆಂದು ಯೋಚಿಸಿದ ಆ ವೈದ್ಯನಿಗೆ ಸವಾರರೆಲ್ಲರೂ ಋಣಿಗಳು.

ಹೆಲ್ಮೆಟ್ಟು ಹೇಗೆ ಕಾಪಾಡುತ್ತದೆಂಬುದನ್ನು ತಿಳಿದರೆ ಯಾವುದನ್ನು ಕೊಳ್ಳಬೇಕೆಂಬುದು ತಾನಾಗಿಯೇ ತಿಳಿಯುವುದು. ಹೊರಗಿನ ಗಟ್ಟಿಯಾದ ಚಿಪ್ಪು ಕಲ್ಲಿನ ಮೊನೆಯನ್ನು ತಡೆದು ಪೆಟ್ಟನ್ನು ಹರಡುತ್ತದೆ. ನಿಜವಾದ ಕೆಲಸವನ್ನು ಮಾಡುವುದು ಒಳಗಿನ ತರ್ಮೋಕೋಲಿನಂತಹ ದಪ್ಪ ಪದರ. ಅದು ತಾನು ನಜ್ಜುಗುಜ್ಜಾಗಿ, ತಲೆಯು ನಿಲ್ಲುವುದಕ್ಕೆ ಕೆಲವು ಸಾವಿರಾಂಶ ಸೆಕೆಂಡುಗಳ ಹೆಚ್ಚಿನ ಅವಕಾಶವನ್ನು ಕೊಡುತ್ತದೆ. ತೆಂಗಿನಕಾಯಿಯನ್ನು ಬಂಡೆಯ ಮೇಲೆ ಎಸೆಯುವುದಕ್ಕೂ ಹುಲ್ಲಿನ ಮೆದೆಯ ಮೇಲೆ ಎಸೆಯುವುದಕ್ಕೂ ಇರುವ ಭೇದವೇ ಇದು. ಒಮ್ಮೆ ನಜ್ಜಾದ ಪದರವು ಮತ್ತೆ ಉಬ್ಬದು. ಆದುದರಿಂದ ಬಲವಾದ ಪೆಟ್ಟುಬಿದ್ದ ಹೆಲ್ಮೆಟ್ಟು ಹೊರಗೆ ಚೆನ್ನಾಗಿ ಕಂಡರೂ ಅದರ ಆಯುಸ್ಸು ಮುಗಿದಂತೆಯೇ. ಪೆಟ್ಟು ಬೀಳದಿದ್ದರೂ ಬಿಸಿಲು ಬೆವರುಗಳಿಂದ ಅದು ಕ್ರಮೇಣ ಸೊರಗುವುದರಿಂದ, ಐದು ವರ್ಷಗಳಿಗೊಮ್ಮೆ ಬದಲಾಯಿಸುವುದು ಒಳ್ಳೆಯ ಪದ್ಧತಿ. ಇದೇ ಕಾರಣದಿಂದ ಹಳೆಯ ವಾಹನವನ್ನು ಕೊಳ್ಳಬಹುದು. ಬೇರೊಬ್ಬರ ಹಳೆಯ ಹೆಲ್ಮೆಟ್ಟನ್ನು ಕೊಳ್ಳಲಾಗದು.

ರಸ್ತೆಯ ಬದಿಯಲ್ಲಿ ರಾಶಿಹಾಕಿ ಮಾರುವ ತೆಳುವಾದ ಟೊಪ್ಪಿಗೆಗಳು ಪೋಲೀಸಿನವನಿಗೆ ತೋರಿಸಲಿಕ್ಕೆ ಸಾಕಾಗಬಹುದು, ನೆಲಕ್ಕೆ ಸಾಕಾಗವು. ೨೦೨೧ರ ಜೂನ್ ೧ರಿಂದ ಐ.ಎಸ್.ಐ. ಗುರುತಿಲ್ಲದ ಹೆಲ್ಮೆಟ್ಟುಗಳನ್ನು ತಯಾರಿಸುವುದೂ ಮಾರುವುದೂ ಅಪರಾಧವಾಗಿದೆ. ಗುರುತಿನೊಡನೆ ಐ.ಎಸ್. ೪೧೫೧ ಎಂಬ ಸಂಖ್ಯೆಯನ್ನೂ ಪರವಾನಗಿಯ ಸಂಖ್ಯೆಯನ್ನೂ ನೋಡಬೇಕು. ಅರ್ಧ ತಲೆಯನ್ನು ಮುಚ್ಚುವುದಕ್ಕಿಂತ ಗದ್ದವನ್ನೂ ಸೇರಿಸಿ ಮುಖವೆಲ್ಲವನ್ನೂ ಮುಚ್ಚುವುದು ಶ್ರೇಷ್ಠ. ಮುಂದಕ್ಕೆ ಬಿದ್ದವನು ಎಷ್ಟೋ ಸಲ ಗದ್ದವನ್ನೇ ಮೊದಲು ಊರುತ್ತಾನೆ.

ಬೆಲೆಗಿಂತ ಅಳತೆ ಮುಖ್ಯ. ದರ್ಜಿಯ ಟೇಪನ್ನು ಹುಬ್ಬಿನಿಂದ ಒಂದು ಬೆರಳು ಮೇಲೆ ಸುತ್ತಿ ತಲೆಯ ಸುತ್ತಳತೆಯನ್ನು ಸೆಂಟಿಮೀಟರುಗಳಲ್ಲಿ ಬರೆದುಕೊಂಡು ಅಂಗಡಿಗೆ ಹೋಗಬೇಕು. ಹೊಸ ಹೆಲ್ಮೆಟ್ಟು ಕೆನ್ನೆಗಳನ್ನು ಒತ್ತಬೇಕು; ಹಣೆಯ ಒಂದೇ ಕಡೆ ಚುಚ್ಚುವಂತೆ ನೋಯಬಾರದು. ತಲೆಯನ್ನು ಅತ್ತಿತ್ತ ತಿರುಗಿಸಿದರೆ ಅದೂ ಜೊತೆಗೆ ತಿರುಗಬೇಕು, ತಾನು ಬೇರೆಯಾಗಿ ಅಲುಗಬಾರದು. ಪಟ್ಟಿಯನ್ನು ಕಟ್ಟಿ, ಹಿಂದಿನ ಅಂಚನ್ನು ಹಿಡಿದು ಮುಂದಕ್ಕೆ ಎಳೆದಾಗ ಕಳಚಿಬಂದರೆ ಅದು ಬೇಡ. ಕಟ್ಟಿದ ಪಟ್ಟಿಯ ಕೆಳಗೆ ಎರಡು ಬೆರಳಿಗಿಂತ ಹೆಚ್ಚು ಜಾಗ ಕೂಡದು. ಪಟ್ಟಿಯನ್ನು ಕಟ್ಟದ ಹೆಲ್ಮೆಟ್ಟು ತಲೆಗಿಂತ ಮೊದಲೇ ಹಾರಿಹೋಗುವುದರಿಂದ ಇಲ್ಲದುದಕ್ಕೆ ಸಮ. ಕಣ್ಣಿನ ಮುಂದಿನ ಕನ್ನಡಿಯು ತಿಳಿಯಾಗಿರಲಿ; ಕಪ್ಪು ಕನ್ನಡಿ ರಾತ್ರಿಯಲ್ಲಿ ಕುರುಡು.

ಹಿಂದೆ ಕೂರುವವರಿಗೂ ಹೆಲ್ಮೆಟ್ಟು ಬೇಕೆಂಬುದನ್ನು ಕರ್ನಾಟಕದಲ್ಲಿ ೨೦೧೬ರಿಂದ ಜಾರಿಗೆ ತರಲಾಯಿತು. ಗಂಡನ ತಲೆಯ ಮೇಲೆ ಹೆಲ್ಮೆಟ್ಟು, ಹೆಂಡತಿಯ ತಲೆಯಲ್ಲಿ ಮಲ್ಲಿಗೆಯ ದಂಡೆ, ನಡುವೆ ಬರಿದಲೆಯ ಮಗು, ಈ ದೃಶ್ಯವನ್ನು ನಾವು ಇನ್ನೂ ಪ್ರತಿದಿನವೂ ಕಾಣುತ್ತೇವೆ. ಒಂದು ವಾಹನಕ್ಕೆ ಎರಡು ಹೆಲ್ಮೆಟ್ಟು. ಮಗುವಿದ್ದರೆ ಅದರ ಅಳತೆಗೆ ಮೂರನೆಯದು. ನಾಲ್ಕು ವರ್ಷಕ್ಕೆ ಒಳಪಟ್ಟ ಮಕ್ಕಳಿಗೆ ಹೆಲ್ಮೆಟ್ಟಿನ ಜೊತೆಗೆ, ನಡೆಸುವವರಿಗೆ ಸೇರಿಸಿ ಕಟ್ಟುವ ಪಟ್ಟಿಯೂ ಬೇಕೆಂದೂ, ವೇಗವು ಗಂಟೆಗೆ ೪೦ ಕಿಲೋಮೀಟರನ್ನು ಮೀರಬಾರದೆಂದೂ ೨೦೨೨ರಲ್ಲಿ ನಿಯಮವನ್ನು ಮಾಡಲಾಗಿದೆ.

ಮೈಗೆ ಕವಚ

ತಲೆಯ ಮಾತಾಯಿತು, ಉಳಿದ ಮೈಯ ಗತಿಯೇನು? ಬೀಳುವವನು ಸ್ವಭಾವತಃ ಮೊದಲು ಕೈ ಚಾಚುತ್ತಾನೆ. ಆದುದರಿಂದ ಹೆಲ್ಮೆಟ್ಟಿನ ಅನಂತರ ಕೊಳ್ಳಬೇಕಾದುದು ಕೈಚೀಲ. ಅಂಗೈಯ ಬುಡದಲ್ಲಿ ದಪ್ಪನೆಯ ಚರ್ಮವೂ ಬೆರಳ ಗೆಣ್ಣುಗಳ ಮೇಲೆ ಗಟ್ಟಿಯಾದ ಕಾಪೂ ಮಣಿಕಟ್ಟಿನಲ್ಲಿ ಬಿಗಿಯುವ ಪಟ್ಟಿಯೂ ಇರಬೇಕು. ಅಂಗೈಯ ಚರ್ಮ ಹೋದವನು ತಿಂಗಳುಗಟ್ಟಲೆ ತುತ್ತನ್ನು ಬೇರೆಯವರ ಕೈಯಿಂದ ತಿನ್ನಬೇಕಾಗುವುದೆಂದು ನೆನೆದರೆ ಆ ಬೆಲೆ ಭಾರವಾಗದು.

ಮೂರನೆಯದು ಪಾದರಕ್ಷೆ. ಹವಾಯಿ ಚಪ್ಪಲಿಯಲ್ಲಿ ಗೇರು ಬದಲಾಯಿಸುವವರನ್ನು ಕಂಡರೆ ನಮಗೆ ನಡುಕ ಬರುತ್ತದೆ. ಹಿಮ್ಮಡಿಯ ಗಂಟನ್ನು ಮುಚ್ಚುವ, ಜಾರದ ಅಟ್ಟೆಯುಳ್ಳ ಬೂಟು ಬೇಕು. ಲಾಡಿಯನ್ನು ಒಳಕ್ಕೆ ಸಿಕ್ಕಿಸಿಕೊಳ್ಳಬೇಕು. ನಾಲ್ಕನೆಯದು ಮೇಲಂಗಿ. ಭುಜ, ಮೊಳಕೈ, ಬೆನ್ನುಗಳಲ್ಲಿ ಪೆಟ್ಟನ್ನು ಹೀರುವ ಮೆತ್ತೆಗಳಿದ್ದು, ಅವು ಜಾರದಂತೆ ಮೈಗೆ ಹತ್ತಿಕೊಂಡಿರಬೇಕು. ಮೆತ್ತೆಗಳ ಮೇಲೆ ಇ.ಎನ್. ೧೬೨೧ ಎಂಬ ಐರೋಪ್ಯ ಪರೀಕ್ಷೆಯ ಸಂಖ್ಯೆಯಿದೆಯೇ ಎಂದು ನೋಡುವುದು ಉಚಿತ. ಅದರಲ್ಲಿ ಎರಡನೆಯ ದರ್ಜೆಯದು ಒಂದನೆಯದಕ್ಕಿಂತ ಹೆಚ್ಚು ಪೆಟ್ಟನ್ನು ಹೀರುತ್ತದೆ. ನಮ್ಮ ಸೆಕೆಗೆ ಚರ್ಮದ ಅಂಗಿಗಿಂತ ಗಾಳಿಯಾಡುವ ಜಾಲರಿಯ ಅಂಗಿಯೇ ಮೇಲು. ಏಕೆಂದರೆ ಗೂಟಕ್ಕೆ ನೇತುಹಾಕಿದ ಉತ್ತಮವಾದ ಅಂಗಿಗಿಂತ ಮೈಮೇಲಿರುವ ಮಧ್ಯಮವಾದ ಅಂಗಿಯೇ ಉಪಕಾರಿ. ಐದನೆಯದು ಮೊಣಕಾಲಿನ ಕಾಪು. ಸಾಮಾನ್ಯವಾದ ಜೀನ್ಸ್ ಬಟ್ಟೆಯು ಟಾರು ರಸ್ತೆಯಲ್ಲಿ ಉಜ್ಜಿದರೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಹರಿಯುತ್ತದೆ. ಪಾಲಿಯೆಸ್ಟರು ಕರಗಿ ಚರ್ಮಕ್ಕೆ ಅಂಟುವ ಭಯವುಂಟು.

ಇವೆಲ್ಲವೂ ಅಂಗಡಿಯವರ ಪ್ರಚಾರವಲ್ಲವೇ ಎಂದು ಕೇಳುವವರಿಗಾಗಿ ಒಂದು ಪರಿಶೋಧನೆಯನ್ನು ಹೇಳುವೆವು. ಆಸ್ಟ್ರೇಲಿಯದಲ್ಲಿ ಅಪಘಾತಕ್ಕೊಳಗಾದ ೨೧೨ ಸವಾರರನ್ನು ಪರಿಶೀಲಿಸಿ ೨೦೧೧ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸವಾರಿಯ ಮೇಲಂಗಿ ತೊಟ್ಟವರು ಆಸ್ಪತ್ರೆಗೆ ಸೇರಬೇಕಾದ ಸಂಭವವು ನೂರಕ್ಕೆ ೨೧ರಷ್ಟೂ, ಷರಾಯಿ ತೊಟ್ಟವರದು ೫೧ರಷ್ಟೂ, ಕೈಚೀಲ ತೊಟ್ಟವರದು ೫೯ರಷ್ಟೂ ಕಡಿಮೆಯಾಗಿದ್ದಿತು. ಆದರೆ ಅದೇ ವರದಿಯಲ್ಲಿ, ನಾಲ್ಕರಲ್ಲಿ ಒಂದು ಪಾಲಿಗೂ ಹೆಚ್ಚಿನ ಉಡುಪುಗಳು ನೆಲಕ್ಕೆ ತಾಗಿದಾಗ ಹರಿದು ವಿಫಲವಾದುವೆಂದೂ ಇದೆ. ಹೊಲಿಗೆಯನ್ನು ಎಳೆದು ನೋಡಿ ಕೊಳ್ಳಬೇಕೆಂಬುದು ಇದರಿಂದ ನಾವು ಕಲಿಯತಕ್ಕ ಪಾಠ.

ಹಣದ ಲೆಕ್ಕದಲ್ಲಿ ನಮ್ಮ ಸಲಹೆ ಇಷ್ಟೇ: ಒಟ್ಟು ಹಣದಿಂದ ಮೊದಲು ಉಡುಪಿನ ಬೆಲೆಯನ್ನು ತೆಗೆದಿಟ್ಟು, ಉಳಿದುದರಲ್ಲಿ ವಾಹನವನ್ನು ಆರಿಸಬೇಕು. ಎಲ್ಲರೂ ಮಾಡುವುದು ಇದಕ್ಕೆ ವಿರುದ್ಧವಾಗಿ; ವಾಹನಕ್ಕೆ ಸಾಲಮಾಡಿ, ಕೊನೆಗೆ ಉಳಿದ ಚಿಲ್ಲರೆಯಲ್ಲಿ ತಲೆಗೆ ಟೊಪ್ಪಿಗೆ.

ಕಲಿಕೆ

ಅಮೆರಿಕದ ಲಾಸ್ ಏಂಜಲಿಸಿನಲ್ಲಿ ಹ್ಯಾರಿ ಹರ್ಟ್ ಎಂಬ ವಿದ್ವಾಂಸನ ಮುಂದಾಳುತನದಲ್ಲಿ ೯೦೦ ಅಪಘಾತಗಳನ್ನು ಅವು ನಡೆದ ಸ್ಥಳಗಳಲ್ಲಿಯೇ ಪರೀಕ್ಷಿಸಿ, ೧೯೮೧ರಲ್ಲಿ ವರದಿಯನ್ನು ಪ್ರಕಟಿಸಿದರು. ಅದರಲ್ಲಿ ಕಂಡುಬಂದುದು ಮನನಮಾಡತಕ್ಕದ್ದು. ಬಿದ್ದವರಲ್ಲಿ ನೂರಕ್ಕೆ ೯೨ ಮಂದಿ ತಾವೇ ಕಲಿತವರು, ಇಲ್ಲವೆ ಮನೆಯವರಿಂದಲೋ ಗೆಳೆಯರಿಂದಲೋ ಕಲಿತವರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ವಾಹನದ ಮೇಲೆ ಐದು ತಿಂಗಳ ಅನುಭವವೂ ಇರಲಿಲ್ಲ. ಪೆಟ್ಟುಬಿದ್ದ ಕ್ಷಣದ ಸಾಮಾನ್ಯ ವೇಗವು ಗಂಟೆಗೆ ೩೫ ಕಿಲೋಮೀಟರಿನ ಆಸುಪಾಸು ಮಾತ್ರ. ಗಾಬರಿಯಲ್ಲಿ ಹಿಂದಿನ ಬ್ರೇಕನ್ನು ಅತಿಯಾಗಿ ತುಳಿದು, ಮುಂದಿನದನ್ನು ಸಾಕಷ್ಟು ಹಿಡಿಯದೆ ಹೋದವರೇ ಬಹುಮಂದಿ.

ನಮ್ಮಲ್ಲಿಯೂ “ಮುಂದಿನ ಬ್ರೇಕು ಹಿಡಿದರೆ ಪಲ್ಟಿ ಹೊಡೆಯುತ್ತದೆ” ಎಂಬ ನಂಬಿಕೆ ಬಲವಾಗಿದೆ. ನಿಲ್ಲುವಾಗ ಭಾರವೆಲ್ಲವೂ ಮುಂದಿನ ಚಕ್ರದ ಮೇಲೆ ಬೀಳುವುದರಿಂದ ನಿಲ್ಲಿಸುವ ಶಕ್ತಿಯ ಹೆಚ್ಚುಪಾಲು ಅಲ್ಲಿಯೇ ಇದೆ. ಅದನ್ನು ಒಮ್ಮೆಗೇ ಜಗ್ಗದೆ, ನಿಂಬೆಹಣ್ಣನ್ನು ಹಿಂಡುವಂತೆ ಕ್ರಮವಾಗಿ ಒತ್ತಬೇಕು; ವಾಹನವು ನೆಟ್ಟಗಿರುವಾಗಲೇ ಒತ್ತಬೇಕು, ತಿರುವಿನಲ್ಲಿ ಬಾಗಿರುವಾಗಲ್ಲ. ಖಾಲಿ ಮೈದಾನದಲ್ಲಿ ಇದನ್ನೇ ದಿನವೂ ಅರ್ಧಗಂಟೆಯಂತೆ ಹದಿನೈದು ದಿನ ಅಭ್ಯಾಸಮಾಡಿದವನು ರಸ್ತೆಗೆ ಹೊರಡಲು ಅರ್ಹನು. ಗಂಟೆಗೆ ೪೦ರ ವೇಗದಲ್ಲಿ ಒಂದು ಸೆಕೆಂಡಿಗೆ ಹನ್ನೊಂದು ಮೀಟರು ಸಾಗುತ್ತೇವೆಂಬುದನ್ನು ನೆನಪಿನಲ್ಲಿಟ್ಟು, ಮುಂದಿನ ವಾಹನದಿಂದ ದೂರವಿರಬೇಕು. ಮೊದಲ ಮಳೆಯ ದಿನ ಎಣ್ಣೆ ಧೂಳುಗಳು ಕಲೆತು ರಸ್ತೆಯು ಲೋಳೆಯಂತಾಗುವುದರಿಂದ ಅಂದು ಅತ್ಯಂತ ಜಾಗರೂಕತೆ ಬೇಕು.

ಒಂದು ಮನೆಯ ಸಂಗತಿ

ನಮಗೆ ಪರಿಚಿತವಾದ ಒಂದು ಮನೆಯಲ್ಲಿ ಮೇಲೆ ಹೇಳಿದ ಊಟದ ಹೊತ್ತಿನ ವ್ಯಾಜ್ಯವು ಮೂರು ತಿಂಗಳು ನಡೆಯಿತು. ಕೊನೆಗೆ ತಾಯಿಯೇ ತೀರ್ಪನ್ನು ಹೇಳಿದಳು: “ಗಾಡಿಯನ್ನು ಅಪ್ಪ ಕೊಡಿಸಲಿ. ಆದರೆ ತಲೆಗೂ ಕೈಗೂ ಕಾಲಿಗೂ ಬೇಕಾದುದನ್ನು ನನ್ನ ಚೀಟಿಯ ಹಣದಲ್ಲಿ ನಾನು ಮೊದಲು ಕೊಡಿಸುತ್ತೇನೆ. ಅವುಗಳನ್ನು ಹಾಕಿಕೊಳ್ಳದೆ ಹೊಸ್ತಿಲು ದಾಟಿದ ದಿನ ಬೀಗದ ಕೈ ನನ್ನದು.” ಹುಡುಗನಿಗೆ ಇದು ನಾಚಿಕೆಯ ಸಂಗತಿಯಾಗಿ ತೋರಿತು. ಗೆಳೆಯರು “ಯುದ್ಧಕ್ಕೆ ಹೊರಟೆಯಾ?” ಎಂದು ನಗುತ್ತಿದ್ದರು. ಆದರೂ ಬೀಗದ ಕೈಯ ಆಸೆಯಿಂದ ಮಾತನ್ನು ಪಾಲಿಸಿದನು.

ಸುಗ್ಗಿಯ ಕಾಲ. ನಮ್ಮ ಬಯಲುಸೀಮೆಯ ರಸ್ತೆಗಳಲ್ಲಿ ರಾಗಿಯನ್ನೂ ಹುರುಳಿಯನ್ನೂ ಹರಡಿ, ಗಾಡಿಗಳ ಚಕ್ರದಿಂದ ಒಕ್ಕಣೆಮಾಡುವ ಪದ್ಧತಿಯನ್ನು ವಾಚಕರು ಬಲ್ಲರು. ಒಂದು ಸಂಜೆ ತಿರುವಿನಾಚೆ ಮೊಣಕಾಲುದ್ದ ಹುರುಳಿಯ ಹುಲ್ಲು ಬಿದ್ದಿದ್ದಿತು. ಮುಂದಿನ ಚಕ್ರವು ಅದರೊಳಕ್ಕೆ ಹೊಕ್ಕು ಜಾರಿತು; ಹುಡುಗನು ಮುಗ್ಗರಿಸಿ ಬಿದ್ದು ಕೆಲವು ಮಾರು ಉಜ್ಜಿಕೊಂಡು ಹೋದನು. ವೇಗವು ನಲವತ್ತನ್ನು ಮೀರಿರಲಿಲ್ಲವೆಂದು ಅವನು ಹೇಳುತ್ತಾನೆ. ಎದ್ದು ನೋಡಿದಾಗ ಕೈಚೀಲಗಳ ಅಂಗೈ ಹರಿದು ಹೋಗಿದ್ದಿತು, ಒಳಗಿನ ಅಂಗೈ ಕೆಂಪಾಗಿತ್ತಷ್ಟೆ. ಹೆಲ್ಮೆಟ್ಟಿನ ಗದ್ದದ ಭಾಗವು ಬೆರಳಿಳಿಯುವಷ್ಟು ಸವೆದಿದ್ದಿತು. ಒಂದು ಭುಜದ ನೋವು ಮೂರು ವಾರ ಉಳಿಯಿತು. ವಾಹನದ ದೀಪವೊಂದು ಒಡೆಯಿತು.

ಮನೆಗೆ ಬಂದಾಗ ತಾಯಿಯು ಬೈಯಲಿಲ್ಲ, ಅಳಲೂ ಇಲ್ಲ. ಹೆಲ್ಮೆಟ್ಟನ್ನು ಕೈಗೆ ತೆಗೆದುಕೊಂಡು ಆ ಸವೆದ ಭಾಗದ ಮೇಲೆ ಬಹಳ ಹೊತ್ತು ಬೆರಳಾಡಿಸಿದಳಂತೆ. ಅನಂತರ ಒಳಗಿನಿಂದ ಕತ್ತರಿಯನ್ನು ತಂದು, ಬೇರೆ ಯಾರೂ ಅದನ್ನು ತಿಳಿಯದೆ ಧರಿಸದಿರಲೆಂದು, ಅದರ ಪಟ್ಟಿಯನ್ನು ಕತ್ತರಿಸಿ ಹಾಕಿದಳು. ಮರುದಿನ ಬೆಳಿಗ್ಗೆ ಹೊಸದಕ್ಕೆ ಹಣವನ್ನು ಎಣಿಸಿ ಕೊಟ್ಟಳು. “ಆ ದಿನ ‘ಬೇಡ’ ಎಂದೇ ನಿಂತಿದ್ದರೆ?” ಎಂದು ನಾವು ಕೇಳಿದೆವು. “ಯಾರದೋ ಗಾಡಿಯಲ್ಲಿ, ಬರಿದಲೆಯಲ್ಲಿ, ಅದೇ ತಿರುವಿಗೆ ಹೋಗಿರುತ್ತಿದ್ದ” ಎಂದಳು.

ಈ ಮಾತಿಗಿಂತ ಹೆಚ್ಚಿನದನ್ನು ನಾವು ಹೇಳಬೇಕಾದುದಿಲ್ಲ. ಮಕ್ಕಳು ಕೇಳಿದಾಗ ತಂದೆತಾಯಿಗಳು ನಿಷೇಧದ ಬಾಗಿಲನ್ನು ಮುಚ್ಚಿಯೂ ಕೂರಬಾರದು, ಕೇಳಿದುದೆಲ್ಲಕ್ಕೆ ತಲೆಯನ್ನೂ ಆಡಿಸಬಾರದು. ವಯಸ್ಸು ಆಗಲಿ, ಕಲಿಕೆ ನಡೆಯಲಿ, ಕವಚವು ಮೊದಲು ಬರಲಿ, ಕಾಲಿಗೆ ನಿಲುಕುವ ವಾಹನವು ಬಳಿಕ ಬರಲಿ. ಮಕ್ಕಳೂ ಒಂದು ಮಾತನ್ನು ನೆನೆಯಬೇಕು: ಸಂಜೆಯಾದ ಮೇಲೆ ಬೀದಿಯ ತಿರುವಿನಲ್ಲಿ ತಮ್ಮ ವಾಹನದ ಸದ್ದು ಕೇಳಿಸುವವರೆಗೆ ಮನೆಯಲ್ಲಿ ಒಬ್ಬರ ಕಿವಿಯು ಅಲ್ಲಿಯೇ ಇರುತ್ತದೆ. ಆ ಕಿವಿಗೆ ಪ್ರತಿದಿನವೂ ಆ ಸದ್ದು ಕೇಳಿಸುವಂತಾಗ­ಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇವೆ.